‘ತೊಳೆದು ಮತ್ತೆ ಹಾಕುವ’ ಏರ್ ಫಿಲ್ಟರ್: ಹಳೆಯ ಪಿಕಪ್ ಕೊಳ್ಳುವವರು ಓದಿ

ಹಳೆಯ ಡೀಸೆಲ್ ಪಿಕಪ್ ಮಾರುವವರು ಬಾನೆಟ್ ಎತ್ತಿ, “ನೋಡಿ, ಜನ್ಮಕ್ಕೊಂದೇ ಸಾಕಾಗುವ ಫಿಲ್ಟರ್ ಹಾಕಿಸಿದ್ದೇನೆ, ತೊಳೆದರಾಯಿತು” ಎಂದರೆ ಅದನ್ನು ಗಾಡಿಯ ಹೆಚ್ಚುಗಾರಿಕೆ ಎಂದು ತಿಳಿಯಬೇಡಿ. ಚೌಕಾಸಿಗೆ ಸಿಕ್ಕ ಒಳ್ಳೆಯ ಕಾರಣ ಎಂದು ತಿಳಿಯಿರಿ. ಅಂಥದೊಂದು ಗಾಡಿ ನಮ್ಮ ಅಂಗಳಕ್ಕೆ ಬಂದು, ಟರ್ಬೊ (ಎಂಜಿನಿಗೆ ಗಾಳಿಯನ್ನು ಒತ್ತಿ ತುಂಬುವ ಭಾಗ) ಬದಲಿಸಿ ಎಂಜಿನ್ ಬಿಚ್ಚಿಸುವವರೆಗೆ ನಮ್ಮನ್ನು ಓಡಾಡಿಸಿದೆ. ಆಮೇಲೆ ಅಸಲಿ ಎಂದು ಕೊಟ್ಟ ಕಾಗದದ ಫಿಲ್ಟರ್ ಕೂಡ ನಕಲಿಯಾಗಿತ್ತು. ಎರಡನ್ನೂ ಹೇಳುತ್ತೇನೆ.

ಮೊದಲು ನಮ್ಮ ಊರಿನ ಧೂಳಿನ ವಿಷಯ. ಮಾರುಕಟ್ಟೆಯಲ್ಲಿ ಸಿಗುವ ಈ ಫಿಲ್ಟರುಗಳ ಜಾಹೀರಾತುಗಳೆಲ್ಲ ನುಣುಪಾದ ಡಾಂಬರು ರಸ್ತೆಯ ಚಿತ್ರದ ಮೇಲೆ ಅಚ್ಚಾಗಿರುತ್ತವೆ. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಬಾಯಾರು ಕಡೆಯ ಪಿಕಪ್ಪುಗಳು ಓಡುವುದು ಪದವಿನ (ಎತ್ತರದ ಬೋಳು ಬಯಲಿನ) ಮಣ್ಣುದಾರಿಯಲ್ಲಿ, ಕೆಂಪುಕಲ್ಲು ಕಡಿಯುವ ಕೋರೆಯ ಒಳಗೆ, ಅಡಿಕೆ ತೋಟಕ್ಕೆ ಇಳಿಯುವ ಓಣಿಯಲ್ಲಿ. ಅದರ ಮೇಲೆ ತಲಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66ನ್ನು ಆರು ಪಥಕ್ಕೆ ಅಗಲಿಸುವ ಕೆಲಸ ನಡೆದ ವರ್ಷಗಳಲ್ಲಿ ಹೆದ್ದಾರಿಯೇ ಕೋರೆಯಾಗಿತ್ತು. ಮಳೆ ನಿಂತು ತಿಂಗಳು ಕಳೆಯುವಷ್ಟರಲ್ಲಿ ರಸ್ತೆ ಬದಿಯ ಗೇರು ಮರಗಳ ಎಲೆಗಳು ಹಸಿರು ಬಣ್ಣ ಬಿಡುತ್ತವೆ. ಈ ಕೆಂಪು ಹುಡಿ ನೋಡಲು ಮೆತ್ತಗೆ ಕಂಡರೂ ಅದರಲ್ಲಿ ಕಬ್ಬಿಣದ ಆಕ್ಸೈಡಿನ ಜತೆಗೆ ಸ್ಫಟಿಕದ ಸಣ್ಣ ಕಣಗಳೂ ಇರುತ್ತವೆ. ಅವು ಉಕ್ಕನ್ನೂ ಗೀರುತ್ತವೆ.

ಈಗ ಒಂದು ಲೆಕ್ಕ ಮಾಡೋಣ. ಎರಡೂವರೆ ಲೀಟರಿನ ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೆ ಒಮ್ಮೆ ತನ್ನ ಗಾತ್ರದಷ್ಟು ಗಾಳಿಯನ್ನು ಎಳೆಯುತ್ತದೆ. ನಿಮಿಷಕ್ಕೆ 2000 ಸುತ್ತು ತಿರುಗುವಾಗ ಅದು ಸುಮಾರು 2500 ಲೀಟರ್ ಗಾಳಿ. ಟರ್ಬೊ ಒತ್ತಡ ಕೊಟ್ಟಾಗ ಇನ್ನೂ ಹೆಚ್ಚು. ಕೋರೆಯಿಂದ ಕಲ್ಲು ಹೇರಿಕೊಂಡು ಏರು ಹತ್ತುವ ಗಾಡಿ ಅಷ್ಟು ಗಾಳಿಯನ್ನು, ಅದರಲ್ಲಿರುವ ಹುಡಿಯ ಸಮೇತ, ನಿಮಿಷ ನಿಮಿಷಕ್ಕೂ ನುಂಗುತ್ತಿರುತ್ತದೆ. ನಡುವೆ ನಿಂತು ಕಾಯುವುದು ಆ ಫಿಲ್ಟರ್ ಒಂದೇ.

ನಮ್ಮ ಗಾಡಿಯಲ್ಲಿದ್ದದ್ದು ಎಣ್ಣೆ ಹಚ್ಚಿದ ಹತ್ತಿಬಟ್ಟೆಯ ಜಾಲರಿ. ಎರಡು ತಂತಿಬಲೆಗಳ ನಡುವೆ ಕೆಲವು ಪದರ ಬಟ್ಟೆ, ಅದಕ್ಕೆ ಕೆಂಪು ಬಣ್ಣದ ಅಂಟೆಣ್ಣೆ. ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ತೂತುಗಳಲ್ಲಿ ಆಚೆ ಕಡೆ ಕಾಣಿಸುತ್ತದೆ. ಧೂಳನ್ನು ಹಿಡಿಯುವ ಕೆಲಸದಲ್ಲಿ ಬಟ್ಟೆಯಷ್ಟೇ ಪಾಲು ಎಣ್ಣೆಯದೂ ಇದೆ. ಎಣ್ಣೆ ಕಡಿಮೆಯಾದರೆ ಹುಡಿ ಒಳಗೆ ಹೋಗುತ್ತದೆ, ಹೆಚ್ಚಾದರೆ ಎಣ್ಣೆಯೇ ಒಳಗೆ ಹೋಗುತ್ತದೆ. ಮೊದಲಿನ ಮಾಲೀಕರು ಗಾಳಿ ಇನ್ನೂ ಧಾರಾಳವಾಗಿ ಬರಲಿ ಎಂದು ಫಿಲ್ಟರ್ ಪೆಟ್ಟಿಗೆಗೆ ಡ್ರಿಲ್ ಹಿಡಿದು ತೂತುಗಳನ್ನೂ ಕೊರೆಸಿದ್ದರು. ಎತ್ತರದ ಬಾಯಿಯಿಂದ ತಂಪು ಗಾಳಿ ತೆಗೆದುಕೊಳ್ಳಬೇಕಾದ ಎಂಜಿನ್, ಬಾನೆಟ್ ಒಳಗಿನ ಬಿಸಿ ಗಾಳಿಯನ್ನೂ ಮುಂದಿನ ಚಕ್ರ ಎಬ್ಬಿಸಿದ ಹುಡಿಯನ್ನೂ ಕುಡಿಯುತ್ತಿತ್ತು. ಇದಕ್ಕೂ ದುಡ್ಡು ಕೊಟ್ಟಿದ್ದರಂತೆ!

ಮೊದಲ ಲಕ್ಷಣ ಎಳೆತ ಕುಗ್ಗಿದ್ದು. ಖಾಲಿ ಗಾಡಿಯಲ್ಲಿ ಗೊತ್ತಾಗುತ್ತಿರಲಿಲ್ಲ. ಹೇರು ಹಾಕಿ ಏರು ಹತ್ತುವಾಗ ಮೂರನೆಯ ಗೇರಿನಲ್ಲಿ ಹೋಗಬೇಕಾದ ಕಡೆ ಎರಡು ಕೇಳತೊಡಗಿತು. ಆಮೇಲೆ ಎಂಜಿನ್ ಆಯಿಲ್ ಕಡಿಮೆಯಾಗತೊಡಗಿತು, ಬೆಳಿಗ್ಗೆ ಚಾಲೂ ಮಾಡಿದಾಗ ನೀಲಿ ಹೊಗೆ. ಡೀಸೆಲ್ ಸರಿಯಿಲ್ಲ, ಇಂಜೆಕ್ಟರ್ ಸರಿಯಿಲ್ಲ ಎಂಬ ಮಾತುಗಳೆಲ್ಲ ಆದ ಮೇಲೆ ಹಿರಿಯ ಮೆಕ್ಯಾನಿಕ್ ಒಬ್ಬರು ಬೇರೇನನ್ನೂ ಮುಟ್ಟದೆ ಫಿಲ್ಟರಿನಿಂದ ಟರ್ಬೊಗೆ ಹೋಗುವ ರಬ್ಬರ್ ಕೊಳವೆಯ ಕ್ಲಿಪ್ ಸಡಿಲಿಸಿದರು. ಬಿಳಿ ಬನಿಯನ್ ಚೂರೊಂದನ್ನು ಬೆರಳಿಗೆ ಸುತ್ತಿ ಕೊಳವೆಯ ಒಳಗೆ ಒಂದು ಸುತ್ತು ಆಡಿಸಿ ಹೊರಗೆ ತೆಗೆದರು. ಎಣ್ಣೆಯಲ್ಲಿ ಕಲಸಿದ ಕೆಮ್ಮಣ್ಣು. ಬೆರಳುಗಳ ನಡುವೆ ಉಜ್ಜಿದರೆ ಕರಕರ ಎನ್ನುತ್ತಿತ್ತು. “ಇನ್ನೇನು ನೋಡಬೇಕು?” ಎಂದು ಅವರು ತುಳುವಿನಲ್ಲಿ ಕೇಳಿದರು.

ಟರ್ಬೊದ ಗಾಳಿ ಚಕ್ರದ ಎಲೆಗಳ ತುದಿ ಚೂಪಾಗಿ, ನೇರವಾಗಿ ಇರಬೇಕು. ನಮ್ಮದರಲ್ಲಿ ತುದಿಗಳು ಸವೆದು ದುಂಡಗಾಗಿದ್ದವು. ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಚಕ್ರಕ್ಕೆ ಹುಡಿ ಬಡಿದರೆ ಮರಳು ಕಾಗದ ಹಿಡಿದಂತೆಯೇ. ಒಳಗೆ ಬರುವ ಗಾಳಿಯನ್ನು ಅಳೆಯುವ ಏರ್ ಫ್ಲೋ ಸೆನ್ಸರಿನ ತೆಳು ತಂತಿಯ ಮೇಲೂ ಎಣ್ಣೆ ಮತ್ತು ಮಣ್ಣಿನ ಲೇಪ. ಗಾಳಿ ಇಷ್ಟೇ ಬರುತ್ತಿದೆ ಎಂದು ಅದು ಕಡಿಮೆ ಹೇಳುತ್ತದೆ, ಕಂಪ್ಯೂಟರ್ ಅದನ್ನೇ ನಂಬಿ ಡೀಸೆಲ್ ತಗ್ಗಿಸುತ್ತದೆ, ಗಾಡಿ ಏರಿನಲ್ಲಿ ಸೋಲುತ್ತದೆ. ಪಿಸ್ಟನ್ ರಿಂಗು, ಲೈನರುಗಳ (ಸಿಲಿಂಡರಿನ ಒಳಗೋಡೆ) ಕತೆ ಎಂಜಿನ್ ಬಿಚ್ಚಿದಾಗ ತಿಳಿಯಿತು. ಪಿಸ್ಟನ್ ರಿಂಗಿಗೂ ಸಿಲಿಂಡರಿನ ಗೋಡೆಗೂ ನಡುವೆ ಇರುವ ಎಣ್ಣೆಯ ಪದರ ಕೆಲವೇ ಮೈಕ್ರಾನ್ ದಪ್ಪ. ತಲೆಕೂದಲು ಸುಮಾರು 70 ಮೈಕ್ರಾನ್ ಇರುತ್ತದೆ. ಕಣ್ಣಿಗೆ ಬಿಡಿಯಾಗಿ ಕಾಣದ 10, 15 ಮೈಕ್ರಾನಿನ ಕಣಗಳೇ ಅಲ್ಲಿ ಸಿಕ್ಕಿಕೊಂಡು ಕೆರೆಯುವುದು. ಖರ್ಚು ಎಷ್ಟಾಯಿತು ಎಂದು ಹೇಳಿ ಹೊಟ್ಟೆ ಉರಿಸಿಕೊಳ್ಳುವುದಿಲ್ಲ. ಆ ದುಡ್ಡಿನಲ್ಲಿ ಕಾಗದದ ಫಿಲ್ಟರ್ ಕೊಂಡಿದ್ದರೆ ಗಾಡಿಯ ಆಯುಸ್ಸು ಮುಗಿದ ಮೇಲೂ ಅಟ್ಟದಲ್ಲಿ ಉಳಿಯುತ್ತಿದ್ದವು.

ಈ ಜಾಲರಿ ಫಿಲ್ಟರಿನ ಪರವಾಗಿ ಹೇಳುವ ‘ಹೆಚ್ಚು ಗಾಳಿ, ಹೆಚ್ಚು ಶಕ್ತಿ’ ಎಂಬ ಮಾತಿನಲ್ಲಿ ಹುರುಳಿಲ್ಲ. ಡೀಸೆಲ್ ಎಂಜಿನಿನ ಶಕ್ತಿಯನ್ನು ನಿರ್ಧರಿಸುವುದು ಒಳಗೆ ಚಿಮ್ಮುವ ಡೀಸೆಲ್ಲಿನ ಪ್ರಮಾಣ. ಗಾಳಿ ಸಾಮಾನ್ಯವಾಗಿ ಅಗತ್ಯಕ್ಕಿಂತ ಹೆಚ್ಚೇ ಇರುತ್ತದೆ, ಟರ್ಬೊ ಇರುವುದೇ ಅದಕ್ಕೆ. ಡೀಸೆಲ್ಲಿನ ಲೆಕ್ಕ ಬದಲಾಗದೆ ಫಿಲ್ಟರ್ ಮಾತ್ರ ಸಡಿಲವಾದರೆ ಹೆಚ್ಚುವುದು ಸದ್ದು. ಮೈಲೇಜ್ ವಿಷಯಕ್ಕೆ ಬಂದರೆ, ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಹೊಸ ಬಗೆಯ ಪೆಟ್ರೋಲ್ ಕಾರುಗಳಲ್ಲಿ ಪರೀಕ್ಷಿಸಿ, ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡಿದ್ದರೂ ಇಂಧನದ ಲೆಕ್ಕದಲ್ಲಿ ಗಣನೀಯ ವ್ಯತ್ಯಾಸವಿಲ್ಲ ಎಂದು ಹೇಳಿತ್ತು. ಕಟ್ಟಿಕೊಂಡದ್ದಕ್ಕೇ ಹೀಗಾದರೆ, ಹೊಸ ಕಾಗದದ ಫಿಲ್ಟರ್ ತೆಗೆದು ಜಾಲರಿ ಹಾಕಿ ಉಳಿಸುವುದು ಏನನ್ನು?

ನಮ್ಮ ಮಳೆಗಾಲಕ್ಕೂ ಈ ತೊಳೆಯುವ ಫಿಲ್ಟರಿಗೂ ಆಗಿಬರುವುದಿಲ್ಲ. ತೊಳೆದ ಮೇಲೆ ಪೂರ್ತಿ ಒಣಗಿದ ನಂತರವೇ ಎಣ್ಣೆ ಹಚ್ಚಬೇಕು. ಜೂನ್, ಜುಲೈಯಲ್ಲಿ ಇಲ್ಲಿ ಅಂಗಿಯೇ ಒಣಗುವುದಿಲ್ಲ. ನಾಳೆ ಬೆಳಿಗ್ಗೆ ಬಾಡಿಗೆ ಇರುವವನು ಅದನ್ನು ಒಲೆಯ ಪಕ್ಕ ಇಡುತ್ತಾನೆ, ಇಲ್ಲವೇ ಹಸಿಯಾಗಿಯೇ ಸಿಕ್ಕಿಸುತ್ತಾನೆ. ಎಣ್ಣೆ ತೀರಿದಾಗ ಎಂಜಿನ್ ಆಯಿಲನ್ನೇ ಸವರುವವರನ್ನೂ ಕಂಡಿದ್ದೇನೆ.

ಎಂಜಿನ್ ಸರಿಯಾದ ಮೇಲೆ ಕಾಗದದ ಫಿಲ್ಟರ್ ತರಿಸಿದ್ದಾಯಿತು. ಪೆಟ್ಟಿಗೆ ಥೇಟ್ ಕಂಪನಿಯದೇ, ಹೊಳೆಯುವ ಸ್ಟಿಕ್ಕರ್ ಸಮೇತ. ಬೆಲೆ ಮಾತ್ರ ಅಚ್ಚಾದದ್ದರ ಅರ್ಧ. ಗಾಡಿಗೆ ಹಾಕುವ ಮೊದಲು ಅದೇ ಮೆಕ್ಯಾನಿಕ್ ಅದನ್ನು ಮೇಜಿನ ಮೇಲಿಟ್ಟು, ಅಂಚಿನ ಸೀಲನ್ನು ಉಗುರಿನಿಂದ ಒತ್ತಿದರು. ಒಳ್ಳೆಯ ಪಾಲಿಯುರೆಥೇನ್ ಸೀಲಾದರೆ ಒತ್ತಿದ ಗುರುತು ನಿಧಾನವಾಗಿ ತುಂಬಿಕೊಳ್ಳುತ್ತದೆ. ಇದು ಪ್ಲಾಸ್ಟಿಕ್ ಚಪ್ಪಲಿಯ ಅಟ್ಟೆಯ ಹಾಗೆ ಗಟ್ಟಿ. ಮಡಿಕೆಗಳು ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಬೆರಳು ತೂರುವಷ್ಟು ಅಗಲವಾಗಿ ಇದ್ದವು. ಕತ್ತಲ ಮೂಲೆಗೆ ಒಯ್ದು ಒಳಗೆ ಮೊಬೈಲ್ ದೀಪ ಇಟ್ಟಾಗ, ಕಾಗದ ತಟ್ಟೆಗೆ ಅಂಟುವ ಜಾಗದಲ್ಲಿ ಗೆರೆಯಷ್ಟು ಬೆಳಕು ಹೊರಗೆ ಬಂತು. ಕಾಗದ ಎಷ್ಟು ಒಳ್ಳೆಯದಾದರೇನು, ಗಾಳಿ ಸುಲಭದ ದಾರಿ ಸಿಕ್ಕ ಕಡೆ ಹೋಗುತ್ತದೆ. ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. “ಎಲ್ಲರೂ ಇದನ್ನೇ ಹಾಕುತ್ತಾರೆ” ಎಂಬ ಉತ್ತರ ಸಿಕ್ಕಿತು.

ಆದ್ದರಿಂದ ಕೊಳ್ಳುವಾಗ ಸೀಲು, ಮಡಿಕೆ, ಅಂಟು, ಎತ್ತರ, ಇಷ್ಟನ್ನು ಹಳೆಯ ಅಸಲಿ ಫಿಲ್ಟರಿನ ಪಕ್ಕ ಇಟ್ಟು ನೋಡಿ. ಎರಡು ಮೂರು ಮಿಲಿಮೀಟರ್ ಗಿಡ್ಡವಾದರೂ ಮುಚ್ಚಳ ಅದನ್ನು ಒತ್ತಿ ಹಿಡಿಯುವುದಿಲ್ಲ. ಪೆಟ್ಟಿಗೆಯ ಮೇಲಿನ ಶೇಕಡಾ ಲೆಕ್ಕಕ್ಕೆ ಮರುಳಾಗಬೇಡಿ. ಶೇ. 99.5 ಧೂಳು ಹಿಡಿಯುತ್ತದೆ ಎಂದರೆ ನೂರು ಪಾಲು ಧೂಳಿನಲ್ಲಿ ಅರ್ಧ ಪಾಲು ಒಳಗೆ ಹೋಗುತ್ತದೆ, ಶೇ. 97 ಎಂದರೆ ಮೂರು ಪಾಲು. ಕೇಳಲು ಎರಡೂವರೆಯ ಅಂತರ, ಎಂಜಿನಿಗೆ ಆರು ಪಟ್ಟು ಮಣ್ಣು. ಅದೂ ಯಾವ ಧೂಳಿನಲ್ಲಿ ಪರೀಕ್ಷಿಸಿದ್ದು? ಐಎಸ್ಒ 5011 ಎಂಬ ಪರೀಕ್ಷಾ ಕ್ರಮದಲ್ಲಿ ನುಣ್ಣನೆಯ ಧೂಳು, ಒರಟು ಧೂಳು ಎರಡೂ ಇವೆ. ಒರಟು ಧೂಳಿನಲ್ಲಿ ಅಂಕ ಗಳಿಸುವುದು ಸುಲಭ. ಆ ಕ್ರಮದ ಹೆಸರೂ ಧೂಳಿನ ಬಗೆಯೂ ಇಲ್ಲದ ಶೇಕಡಾ ಸಂಖ್ಯೆ ಬರೀ ಅಲಂಕಾರ.

ಹಾಕಿದ ಮೇಲೆ ಒಂದೆರಡು ವಾರ ಓಡಿಸಿ ಕೊಳವೆಯೊಳಗೆ ಬಿಳಿ ಬಟ್ಟೆ ಆಡಿಸಿ. ಫಿಲ್ಟರಿನಿಂದ ಎಂಜಿನ್ ಕಡೆಗಿರುವ ಭಾಗದಲ್ಲಿ ಕೆಂಪು ಕಾಣಲೇಬಾರದು. ಪೆಟ್ಟಿಗೆಯ ತಳದಲ್ಲಿ ಬಾತುಕೋಳಿಯ ಕೊಕ್ಕಿನ ಆಕಾರದ ರಬ್ಬರ್ ಬಾಯಿ ಇದ್ದರೆ ಅದು ಹರಿದಿದೆಯೇ ನೋಡಿ. ದಪ್ಪ ಹುಡಿ ಉದುರಿ ಹೋಗುವುದು ಅಲ್ಲಿಂದ. ಕೋರೆ ಕೆಲಸದ ಗಾಡಿಗೆ ಒಳಗೊಂದು ಸಣ್ಣ ಸುರಕ್ಷಾ ಫಿಲ್ಟರ್ ಇರುವ ಮಾದರಿ ಸಿಕ್ಕರೆ ಬಿಡಬೇಡಿ, ಅದನ್ನು ಎಂದೂ ಊದಿ ಶುಚಿ ಮಾಡಬೇಡಿ. ಹೊರಗಿನದನ್ನೂ ಪಂಕ್ಚರ್ ಅಂಗಡಿಯ ಗಾಳಿಯಲ್ಲಿ ಊದಿಸುವ ಅಭ್ಯಾಸ ನಮ್ಮಲ್ಲಿ ಬಹಳ. ನೂರು ಪಿಎಸ್ಐ ಗಾಳಿ ಹತ್ತಿರದಿಂದ ಬಡಿದರೆ ಕಾಗದದಲ್ಲಿ ಕಾಣದ ತೂತು ಬೀಳುತ್ತದೆ. ಊದಲೇಬೇಕಿದ್ದರೆ 30 ಪಿಎಸ್ಐ ಮೀರದಂತೆ, ಒಳಗಿನಿಂದ ಹೊರಕ್ಕೆ, ದೂರದಿಂದ. ಸ್ವಲ್ಪ ಹುಡಿ ಕೂತ ಕಾಗದ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ದಿನವೂ ಬಿಚ್ಚಿ ಬಡಿಯುವುದರಿಂದ ಸೀಲು ಕೆಡುತ್ತದೆ, ಅಷ್ಟೇ ಲಾಭ.

ಇನ್ನು ಮೋಸ ಹೋದವರಿಗೆ. ಬಾಡಿಗೆಗೆ ಓಡುವ ಗಾಡಿಗೆ ಗ್ರಾಹಕ ಕಾನೂನು ಅನ್ವಯಿಸುವುದಿಲ್ಲ ಎಂದು ಅಂಗಡಿಯವರು ಹೇಳಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸ್ವಂತ ಉದ್ಯೋಗದಿಂದ ಹೊಟ್ಟೆ ಹೊರೆಯಲೆಂದೇ ಕೊಂಡ ವಸ್ತುವಿಗೆ ಆ ತಕರಾರು ನಿಲ್ಲುವುದಿಲ್ಲ. ವಕೀಲರಿಲ್ಲದೆಯೂ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕೇಳಬಹುದು. ಆದರೆ ಬಿಲ್ಲು ಬೇಕು, ಅದರಲ್ಲಿ ‘ಫಿಲ್ಟರ್ ಒಂದು’ ಎಂದಷ್ಟೇ ಅಲ್ಲ, ತಯಾರಕರ ಹೆಸರೂ ಭಾಗದ ಸಂಖ್ಯೆಯೂ ಇರಬೇಕು. ಬಿಲ್ಲು ಬೇಡವೆಂದರೆ ನೂರು ರೂಪಾಯಿ ಬಿಡುತ್ತೇನೆ ಎನ್ನುವ ಅಂಗಡಿ ಕಂಡರೆ ಹೊರಗೆ ನಡೆಯಿರಿ.