ತಿಂಗಳ ಫೀಸ್ ಕಮ್ಮಿ ಅಂತ ಒಪ್ಕೊಂಡೆ: ಮನೆ ಪೂಲ್ ಮೇಂಟೆನೆನ್ಸ್ ಸರ್ವಿಸ್, 14 ತಿಂಗಳಾದ್ಮೇಲೆ ನನ್ನ ರಿವ್ಯೂ

5ಕ್ಕೆ ಎರಡೂವರೆ ಸ್ಟಾರ್. ಆ ಅರ್ಧ ಸ್ಟಾರ್ ಪ್ರತಿವಾರ ಬರ್ತಿದ್ದ ಹುಡುಗನಿಗೆ, ಕಂಪನಿಗಲ್ಲ. ಕಂಪನಿ ಹೆಸರು ಹಾಕಲ್ಲ, ಯಾಕಂದ್ರೆ ಇದು ಅವರೊಬ್ಬರದೇ ಕಥೆ ಅಂತ ನನಗನ್ಸಲ್ಲ, ಈ ಲೈನಲ್ಲಿ ಸುಮಾರು ಜನ ಹೀಗೇ ನಡೆಸ್ತಾರೆ.

ನಮ್ಮದು ದೊಡ್ಡ ಪೂಲ್ ಏನಲ್ಲ, 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಆಳ 1.4 ಮೀಟರ್, ಅಂದ್ರೆ ಹೆಚ್ಚು ಕಮ್ಮಿ 45,000 ಲೀಟರ್ ನೀರು. ಈ ಲೆಕ್ಕ ತಲೇಲಿ ಇಟ್ಕೊಳ್ಳಿ, ಮುಂದೆ ಬೇಕಾಗತ್ತೆ. ರೇಟು ಒಬ್ಬೊಬ್ಬರಿಗೆ ಒಂದೊಂದು ಇರೋದ್ರಿಂದ ನಾನು ದುಡ್ಡಲ್ಲಿ ಹೇಳಲ್ಲ, ನನ್ನ ತಿಂಗಳ ಫೀಸನ್ನೇ ಅಳತೆಗೋಲು ಮಾಡ್ಕೊಂಡು ಹೇಳ್ತೀನಿ, ನಿಮ್ಮ ರೇಟಿಗೆ ನೀವು ಗುಣಿಸ್ಕೊಳ್ಳಿ.

ಮೂರು ಕೊಟೇಶನ್ ತರಿಸಿದ್ದೆ. ಎಲ್ಲಕ್ಕಿಂತ ಕಮ್ಮಿ ಇದ್ದಿದ್ದು ಇವರದು, ನೋಡಿದ ತಕ್ಷಣ ಹೂಂ ಅಂದ್ಬಿಟ್ಟೆ. ಕೆಳಗಡೆ ಸಣ್ಣಕ್ಷರದಲ್ಲಿ "ಕೆಮಿಕಲ್ ಪ್ರತ್ಯೇಕ" ಅಂತ ಇತ್ತು, ಓದಿದ್ದೆ, ಆದ್ರೆ ಏನ್ ಮಹಾ ಆಗತ್ತೆ ಅನ್ಕೊಂಡೆ. ಮೊದಲನೇ ತಿಂಗಳ ಕೆಮಿಕಲ್ ಬಿಲ್ಲೇ ಫೀಸಿನ ಮುಕ್ಕಾಲು ಭಾಗ ಬಂತು! ಅಂದ್ರೆ ಕೆಮಿಕಲ್ ಸೇರಿಸಿ ಕೊಟ್ಟಿದ್ದ ಇನ್ನೊಬ್ಬರ ಕೊಟೇಶನ್‌ಗಿಂತ ಇದೇ ದುಬಾರಿ. ಅದಕ್ಕೇ ಎರಡು ಕೊಟೇಶನ್ ಪಕ್ಕಪಕ್ಕ ಇಟ್ಟು ನೋಡೋವಾಗ ಏನೇನು ಸೇರಿದೆ, ಬ್ಯಾಕ್‌ವಾಶ್ (ನೀರನ್ನ ಉಲ್ಟಾ ಹರಿಸಿ ಫಿಲ್ಟರ್ ತೊಳೆಯೋದು) ಸೇರಿದ್ಯಾ, ವ್ಯಾಕ್ಯೂಮ್ ಪ್ರತಿ ವಿಸಿಟ್‌ನಲ್ಲೂ ಮಾಡ್ತಾರಾ, ಟೆಸ್ಟ್ ಯಾವ್ಯಾವುದು ಮಾಡ್ತಾರೆ ಅಂತ ಬರೆಸ್ಕೊಳ್ಳಿ. ಕೊನೇದನ್ನ ಯಾರೂ ಕೇಳಲ್ಲ, ನಾನೂ ಕೇಳ್ಲಿಲ್ಲ, ಅದರಲ್ಲೇ ನಾನು ಕೆಟ್ಟಿದ್ದು.

ಹುಡುಗ ವಾರಕ್ಕೊಂದ್ಸಲ ಬರ್ತಿದ್ದ, ನಲವತ್ತು ನಿಮಿಷ. ಬಲೆಯಲ್ಲಿ ಎಲೆ ತೆಗೆಯೋದು, ಗೋಡೆ ಬ್ರಶ್ ಮಾಡೋದು, ಸ್ಕಿಮ್ಮರ್ (ಪೂಲ್ ಗೋಡೆಯಲ್ಲಿ ಮೇಲ್ಮೈ ನೀರು ಎಳ್ಕೊಳ್ಳೋ ಬಾಯಿ) ಬುಟ್ಟಿ ಖಾಲಿ ಮಾಡೋದು, ವ್ಯಾಕ್ಯೂಮು, ಬ್ಯಾಕ್‌ವಾಶು. ಇಷ್ಟನ್ನೂ ನೀಟಾಗಿ ಮಾಡ್ತಿದ್ದ, ನೀರಿನ ಅಂಚಿನ ಟೈಲ್ಸ್ ಮೇಲೆ ಕೂತಿರೋ ಜಿಡ್ಡು ಗೆರೆ ಇದ್ಯಲ್ಲ, ಅದನ್ನೂ ಹೇಳದೇ ತಿಕ್ತಿದ್ದ. ಆಮೇಲೆ ಬಣ್ಣ ಬದಲಾಗೋ ಒಂದು ಟೆಸ್ಟ್ ಸ್ಟ್ರಿಪ್ ಅದ್ದಿ, ಕ್ಲೋರಿನ್ ಮತ್ತೆ ಪಿಎಚ್ ನೋಡಿ, ತೇಲೋ ಡಬ್ಬಿಗೆ 200 ಗ್ರಾಮಿನ ಮೂರು ಕ್ಲೋರಿನ್ ಮಾತ್ರೆ ಹಾಕಿ ಹೋಗ್ತಿದ್ದ. ಪ್ರತಿವಾರ ಮೂರೇ, ಚಳಿಗಾಲ ಆಗ್ಲಿ ಬೇಸಿಗೆ ಆಗ್ಲಿ.

ಎಂಟನೇ ತಿಂಗಳಲ್ಲಿ ನೀರು ಪಾಚಿ ಬಣ್ಣಕ್ಕೆ ತಿರುಗೋಕೆ ಶುರುವಾಯ್ತು. ಹುಡುಗ ಸ್ಟ್ರಿಪ್ ತೋರಿಸಿ "ಕ್ಲೋರಿನ್ ಕರೆಕ್ಟಾಗೇ ಇದೆ ನೋಡಿ ಸರ್" ಅಂದ. ನಿಜ, 3 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ 3 ಪಾಲು) ತೋರಿಸ್ತಿತ್ತು, ಪಿಎಚ್ಚೂ 7.4ರ ಹತ್ರ. ಮತ್ಯಾಕೆ ಹಸಿರು ಅಂದ್ರೆ ಆಫೀಸಿನವರು ಪಾಚಿ ಔಷಧಿ ಕಳಿಸಿದ್ರು, ಆಮೇಲೆ ಒಂದೇ ಸಲಕ್ಕೆ ಕ್ಲೋರಿನ್ ಏರಿಸೋ ಶಾಕ್ ಪುಡಿ, ಆಮೇಲೆ ನೀರು ತಿಳಿ ಮಾಡೋ ಇನ್ನೊಂದು ಬಾಟ್ಲಿ, ಆಮೇಲೆ ಫಾಸ್ಫೇಟ್ ತೆಗೆಯೋದಂತೆ ಮತ್ತೊಂದು. ಎಲ್ಲಾ ಸೇರಿ ಎರಡು ತಿಂಗಳ ಫೀಸಿನಷ್ಟು, ಹೊಳೇಲಿ ಹುಣಸೆ ಹಣ್ಣು ತೊಳೆದ ಹಾಗಾಯ್ತು. ಶಾಕ್ ಪುಡಿ ಬಿಲ್ಲಲ್ಲಿ 6 ಕೆಜಿ ಅಂತ ಇತ್ತು. ಡಬ್ಬದ ಮೇಲೆ 65% ಕ್ಲೋರಿನ್ ಅಂತ ಬರೆದಿರತ್ತೆ, 45,000 ಲೀಟರಿಗೆ 1 ಪಿಪಿಎಂ ಏರ್ಬೇಕು ಅಂದ್ರೆ ಸುಮಾರು 70 ಗ್ರಾಂ ಸಾಕು. 6 ಕೆಜಿ ಹಾಕಿದ್ರೆ 85 ಪಿಪಿಎಂ ದಾಟತ್ತೆ ಕಣ್ರೀ! ಅಷ್ಟು ಹಾಕಿದ್ರೆ ಈಜೋ ಬಟ್ಟೆ ಬಣ್ಣ ಬಿಟ್ಟು ಬೆಳ್ಳಗಾಗ್ತಿತ್ತು. ಹುಡುಗ ಹಾಕಿದ್ದು ಎರಡು ಮಗ್, ನಾನೇ ನೋಡಿದೀನಿ. ಮಿಕ್ಕಿದ್ದು ಯಾರ ಪೂಲಿಗೆ ಹೋಯ್ತೋ.

ಇನ್ನೊಂದು, ಮಾತ್ರೆ ಡಬ್ಬಿಯಲ್ಲಿದ್ದ ಅದೇ ಮಗ್ಗನ್ನ ಶಾಕ್ ಪುಡಿಗೂ ಹಾಕ್ತಿದ್ದ. ಮಾತ್ರೆ ಟ್ರೈಕ್ಲೋರ್, ಶಾಕ್ ಪುಡಿ ಕ್ಯಾಲ್ಸಿಯಂ ಹೈಪೋ, ಬೇರೆ ಬೇರೆ ಥರದ ಕ್ಲೋರಿನ್, ಅವೆರಡೂ ಬೆರೆತ್ರೆ ಬೆಂಕಿ ಹತ್ಕೊಳ್ಳತ್ತೆ, ಸಿಡಿಯೋದೂ ಉಂಟು. ಆ ಹುಡುಗನಿಗೆ ಅದನ್ನ ಯಾರೂ ಹೇಳ್ಕೊಟ್ಟೇ ಇರ್ಲಿಲ್ಲ, ನನಗೆ ನಿಜವಾಗ್ಲೂ ಸಿಟ್ಟು ಬಂದಿದ್ದು ಅಲ್ಲಿ.

ಕೊನೆಗೆ ನಾನೇ ಒಂದು ಡ್ರಾಪ್ ಟೆಸ್ಟ್ ಕಿಟ್ ತಗೊಂಡೆ, ಒಂದು ತಿಂಗಳ ಫೀಸಿಗಿಂತ ಕಮ್ಮೀನೇ ಆಯ್ತು. ಅದರಲ್ಲಿ ಸಯನ್ಯೂರಿಕ್ ಆಸಿಡ್ ಟೆಸ್ಟ್ ಇದೆ. ಬಿಸಿಲಿಗೆ ಕ್ಲೋರಿನ್ ಹಾಳಾಗಿ ಹೋಗದ ಹಾಗೆ ಹಿಡಿದಿಡೋ ವಸ್ತು ಅದು, 30ರಿಂದ 50 ಪಿಪಿಎಂ ಇದ್ರೆ ಸಾಕು. ಪೂಲ್ ನೀರಿಗೆ ಒಂದು ದ್ರಾವಣ ಬೆರೆಸಿದ್ರೆ ಸುಣ್ಣದ ನೀರಿನ ಥರ ಕದಡತ್ತೆ, ಅದನ್ನ ತಳದಲ್ಲಿ ಕಪ್ಪು ಚುಕ್ಕೆ ಇರೋ ಕೊಳವೆಗೆ ಮೆಲ್ಲಗೆ ಸುರೀತಾ ಮೇಲಿಂದ ನೋಡ್ಬೇಕು, ಚುಕ್ಕೆ ಯಾವ ಗೆರೆ ಹತ್ರ ಮಾಯ ಆಗತ್ತೋ ಅದೇ ರೀಡಿಂಗು. ನನ್ನದು ತಳದಲ್ಲಿರೋ 100ರ ಗೆರೆ ತನಕ ಕೂಡ ಬರ್ಲಿಲ್ಲ, ನಾಲ್ಕು ಹನಿ ಬಿದ್ದಿದ್ದೇ ಚುಕ್ಕೆ ಮಾಯ. ಅರ್ಧ ನಲ್ಲಿ ನೀರು ಬೆರೆಸಿ ಮತ್ತೆ ಮಾಡ್ದೆ, 80 ಬಂತು, ಅಂದ್ರೆ ಅಸಲಿ 160.

ಆಗ ಅರ್ಥ ಆಯ್ತು ನೋಡಿ. ಆ ಮಾತ್ರೆಯಲ್ಲಿ ಕ್ಲೋರಿನ್ ಜೊತೆ ಈ ಸಯನ್ಯೂರಿಕ್ ಆಸಿಡ್ಡೂ ಸೇರಿರತ್ತೆ. ಕ್ಲೋರಿನ್ ಖರ್ಚಾಗಿ ಹೋಗತ್ತೆ, ಇದು ಹೋಗಲ್ಲ, ಆವಿನೂ ಆಗಲ್ಲ, ನೀರಲ್ಲೇ ಕೂತ್ಕೊಳ್ಳತ್ತೆ. 45,000 ಲೀಟರಿಗೆ ವಾರಕ್ಕೆ ಮೂರು ಮಾತ್ರೆ ಅಂದ್ರೆ ವಾರವಾರ ಸುಮಾರು 7 ಪಿಪಿಎಂ ಸೇರ್ತಾ ಹೋಗತ್ತೆ. ಬ್ಯಾಕ್‌ವಾಶಲ್ಲಿ, ಮಕ್ಕಳು ಚಿಮ್ಮಿಸೋ ನೀರಲ್ಲಿ ಒಂದಿಷ್ಟು ಹೋಗತ್ತೆ, ಮಿಕ್ಕಿದ್ದೆಲ್ಲಾ ಸ್ಟಾಕು. ಅದು 160 ಆದಾಗ ಸ್ಟ್ರಿಪ್ಪಲ್ಲಿ ಕಾಣೋ 3 ಪಿಪಿಎಂ ಕ್ಲೋರಿನ್ ಕೈಕಾಲು ಕಟ್ಟಿ ಕೂರಿಸಿದ ಹಾಗೆ, ಪಾಚಿನ ಏನೂ ಮಾಡಲ್ಲ. ಇದಕ್ಕೆ ಔಷಧಿ ಕೆಲಸಕ್ಕೆ ಬರಲ್ಲ, ನೀರು ಬದಲಾಯಿಸ್ಬೇಕು ಅಷ್ಟೇ. ಪೂರ್ತಿ ಖಾಲಿ ಮಾಡೋಕೆ ಹೋಗ್ಬೇಡಿ ಮತ್ತೆ, ಕೆಳಗೆ ಅಂತರ್ಜಲ ಮೇಲಿದ್ರೆ ಖಾಲಿ ಪೂಲು ದೋಣಿ ಥರ ಎದ್ದು ಬಿರುಕು ಬಿಡತ್ತೆ. ನಾನು ಎರಡು ಸಲ ಅರ್ಧರ್ಧ ತೆಗೆಸ್ದೆ, 160 ಇದ್ದಿದ್ದು 80, ಆಮೇಲೆ 40. ಲೆಕ್ಕ ಹಾಕಿದ್ರೆ ಒಂದು ಪೂಲ್ ಪೂರ್ತಿ ನೀರು ಮೋರಿ ಪಾಲು. ತಿಂಗಳಿಗೊಂದ್ಸಲ ಐದು ನಿಮಿಷದ ಟೆಸ್ಟ್ ಮಾಡಿದ್ರೆ ಇದ್ಯಾವುದೂ ಇರ್ಲಿಲ್ಲ.

ರಿಪೇರಿ ಕಥೆ ಇನ್ನೂ ಚೆನ್ನಾಗಿದೆ. ಹನ್ನೆರಡನೇ ತಿಂಗಳು, ನಾವು ಒಂದು ವಾರ ಊರಲ್ಲಿರ್ಲಿಲ್ಲ. ವಾಪಸ್ ಬಂದ್ರೆ ನೀರು ಸ್ಕಿಮ್ಮರ್ ಬಾಯಿಗಿಂತ ಕೆಳಗೆ, ಪಂಪು ಬರೀ ಗಾಳಿ ಎಳೀತಾ ಗರಗರ ಅಂತಿದೆ, ಮೋಟರ್ ಮತ್ತೆ ಪಂಪ್ ಸೇರೋ ಜಾಗದಿಂದ ನೀರು ತೊಟ್ಟಿಕ್ತಿದೆ. ಕಂಪನಿ ಟೆಕ್ನಿಷಿಯನ್ ಬಂದು, ಬಿಚ್ಚಲೂ ಇಲ್ಲ, ನಿಂತಲ್ಲೇ "ಪಂಪ್ ಹೋಗಿದೆ ಸರ್, ಹೊಸದು ಹಾಕ್ಬೇಕು, ಪೈಪ್ ಎಲ್ಲೋ ನೆಲದೊಳಗೆ ಲೀಕ್ ಇದೆ, ಅದಕ್ಕೆ ಪ್ರೆಶರ್ ಟೆಸ್ಟ್" ಅಂದ. ಪಂಪಿಗೆ 9 ತಿಂಗಳ ಫೀಸು, ಲೀಕ್ ಹುಡುಕೋದಕ್ಕೆ 3 ತಿಂಗಳದ್ದು. ಒಂದು ವರ್ಷದ ಫೀಸು ಒಂದೇ ಚೀಟಿಯಲ್ಲಿ!

ಎರಡು ದಿನ ಟೈಮ್ ಕೇಳಿದೆ. ಪಂಪ್ ಆಫ್ ಮಾಡಿ ನೀರು ತುಂಬಿಸಿ, ಬಕೆಟ್ ಟೆಸ್ಟ್ ಮಾಡ್ದೆ: ಬಕೆಟ್ಟಿಗೆ ಪೂಲ್ ನೀರೇ ತುಂಬಿ ಪೂಲಿನ ಮೆಟ್ಟಿಲ ಮೇಲೆ ಇಟ್ಟು, ಒಳಗಿನ ಮಟ್ಟ ಹೊರಗಿನ ಮಟ್ಟ ಎರಡಕ್ಕೂ ಗುರುತು ಹಾಕಿ 24 ಗಂಟೆ ಬಿಡೋದು. ಬಕೆಟ್ ಒಳಗೆ 5 ಮಿಲಿಮೀಟರ್ ಇಳಿದಿತ್ತು, ಅದು ಬರೀ ಆವಿ. ಪೂಲು 17. ವ್ಯತ್ಯಾಸ 12 ಮಿಲಿಮೀಟರ್, 32 ಚದರ ಮೀಟರಿಗೆ ದಿನಕ್ಕೆ 384 ಲೀಟರ್ ಸೋರ್ತಿದೆ. ಸರಿ, ಎಲ್ಲಿಂದ? ಬ್ಯಾಕ್‌ವಾಶ್ ನೀರು ಆಚೆ ಹೋಗೋ ಪೈಪಿನ ತುದಿ ನೋಡಿದ್ರೆ, ನೀರಿನ ದಾರಿ ಬದಲಾಯಿಸೋ ವಾಲ್ವ್ ಹಿಡಿ "ಫಿಲ್ಟರ್" ಅನ್ನೋ ಗುರುತಿಗೇ ಇದ್ರೂ ಅಲ್ಲಿ ಸಣ್ಣಗೆ ಹರೀತಾನೇ ಇದೆ, ಕೆಳಗೆ ಮಣ್ಣು ಕೆಸರಾಗಿದೆ.

ಪರಿಚಯದ ಒಬ್ಬ ಹಳೇ ಮೆಕ್ಯಾನಿಕ್ ಕರೆಸಿದೆ. ಆ ವಾಲ್ವ್ (ಮಲ್ಟಿಪೋರ್ಟ್ ಅಂತಾರೆ) ಬಿಚ್ಚಿ, ಒಳಗಿರೋ ಗಾಲಿ ಕಡ್ಡಿ ಆಕಾರದ ರಬ್ಬರ್ ಗ್ಯಾಸ್ಕೆಟ್ ಕೈಗೆ ಕೊಟ್ರು, ಒಂದು ಕಡ್ಡಿ ಜಾಗದಿಂದ ಎದ್ದು ಮಡಚ್ಕೊಂಡಿತ್ತು. "ಪಂಪ್ ಓಡ್ತಿರೋವಾಗ್ಲೇ ಹಿಡಿ ತಿರುಗಿಸ್ತಾರಾ ಸ್ವಾಮಿ?" ಅಂದ್ರು. ಹೌದು, ಹುಡುಗ ಹಾಗೇ ತಿರುಗಿಸ್ತಿದ್ದ, ಎಷ್ಟೋ ಸಲ ನೋಡಿದೀನಿ, ತಪ್ಪು ಅಂತ ನನಗೂ ಗೊತ್ತಿರ್ಲಿಲ್ಲ. ಅಲ್ಲಿಂದ ಸರಪಳಿ ನೋಡಿ, ಗ್ಯಾಸ್ಕೆಟ್ ಎದ್ದು ನೀರು ಸೋರಿ, ಮಟ್ಟ ಇಳಿದು, ಪಂಪ್ ಒಣಗಿ ಓಡಿ, ಮೋಟರ್ ಪಂಪ್ ಮಧ್ಯೆ ನೀರು ತಡೆಯೋ ಮೆಕ್ಯಾನಿಕಲ್ ಸೀಲ್ ಸುಟ್ಟು, ಕೊನೆಗೆ "ಪಂಪ್ ಹೋಗಿದೆ ಸರ್". ಗ್ಯಾಸ್ಕೆಟ್, ಸೀಲ್, ಅವರ ಕೂಲಿ ಎಲ್ಲಾ ಸೇರಿ ಒಂದು ತಿಂಗಳ ಫೀಸೂ ಆಗ್ಲಿಲ್ಲ. ಹಳೇ ಸೀಲ್ ಇನ್ನೂ ಶೆಲ್ಫ್ ಮೇಲಿದೆ, ಬಂದೋರಿಗೆಲ್ಲಾ ತೋರಿಸ್ತೀನಿ, ಮನೆಯವರಿಗೆ ಅದನ್ನ ಕಂಡ್ರೇ ಆಗಲ್ಲ.

ಹಾಗಂತ ಹೊಸ ಪಂಪು ದಂಡ ಅಂತಲ್ಲ. ನಮ್ಮದು ಒಂದೇ ಸ್ಪೀಡಿಂದು. ಸ್ಪೀಡ್ ಬದಲಾಯಿಸೋ ಪಂಪಲ್ಲಿ ಅರ್ಧ ವೇಗಕ್ಕೆ ಇಳಿಸಿದ್ರೆ ಕರೆಂಟ್ ಲೆಕ್ಕದ ಪ್ರಕಾರ ಎಂಟನೇ ಒಂದು ಭಾಗಕ್ಕೆ ಇಳಿಯತ್ತೆ, ಅಷ್ಟೇ ನೀರು ತಿರುಗಿಸೋಕೆ ಎರಡರಷ್ಟು ಹೊತ್ತು ಓಡಿಸಿದ್ರೂ ಕಾಲು ಭಾಗ. ಅದನ್ನ ಹೇಳಿ ಮಾರಿದ್ರೆ ನಾನೇ ಖುಷಿಯಿಂದ ತಗೋತಿದ್ನೇನೋ. ಹೇಳ್ಲಿಲ್ಲ.

ಫಿಲ್ಟರ್ ಮರಳು ಐದಾರು ವರ್ಷಕ್ಕೆ ಬದಲಾಯಿಸ್ಬೇಕು, ಉಪ್ಪಿನಿಂದ ಕ್ಲೋರಿನ್ ಮಾಡೋ ಸಿಸ್ಟಮ್ ಇದ್ರೆ ಅದರ ಸೆಲ್ಲೂ ಕೆಲವು ವರ್ಷಕ್ಕೆ ಹೋಗತ್ತೆ, ಇವೆಲ್ಲಾ ತಿಂಗಳ ಫೀಸಲ್ಲಿ ಬರಲ್ಲ, ಬೇರೆ ಎತ್ತಿಡಿ.

ಈಗೇನ್ ಮಾಡ್ತಿದೀನಿ ಅಂದ್ರೆ, ಅದೇ ಕಂಪನಿ, ಅದೇ ಹುಡುಗ, ಆದ್ರೆ ಕ್ಲೀನಿಂಗ್ ಮಾತ್ರ, ಹದಿನೈದು ದಿನಕ್ಕೊಂದ್ಸಲ, ಅರ್ಧ ಫೀಸು. ಟೆಸ್ಟು, ಕ್ಲೋರಿನ್ನು ನಂದು, ದಿನಾ ಸಂಜೆ ಐದು ನಿಮಿಷ. ಆಫೀಸಿನವರು ಮೊದ್ಲು ಆಗಲ್ಲ ಅಂದ್ರು, ಬಿಟ್ಬಿಡ್ತೀನಿ ಅಂದಿದ್ದಕ್ಕೆ ಆಗತ್ತೆ ಅಂದ್ರು. ವಾಲ್ವ್ ಹಿಡಿಗೆ ಒಂದು ಚೀಟಿ ಕಟ್ಟಿದೀನಿ, "ಮೊದ್ಲು ಪಂಪ್ ಆಫ್ ಮಾಡಪ್ಪಾ" ಅಂತ. ಹುಡುಗ ಅದರ ಫೋಟೋ ತೆಗೆದು ಅವರ ಗ್ರೂಪಿಗೆ ಹಾಕಿದಾನಂತೆ.