ಸ್ಟಿಲ್ ಎಂಎಸ್ 180: ಮರಗಸಿಗೆ ಒಳ್ಳೆಯ ಮಿಷನ್, ನೆಲದ ಮೇಲಿದ್ದರೆ

ಮಳೆಗಾಲಕ್ಕೆ ಮುಂಚೆ ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ತೋಟಗಳಲ್ಲಿ ಮರಗಸಿ (ಕಾಫಿಗೆ ನೆರಳು ಕೊಡುವ ಮರಗಳ ಕೊಂಬೆ ಕಡಿಯುವ ಕೆಲಸ) ಶುರುವಾದರೆ ಚೈನ್ ಸಾ ಸದ್ದಿಲ್ಲದ ದಿನವಿಲ್ಲ. ಸ್ಟಿಲ್ ಕಂಪನಿಯ ಎಂಎಸ್ 180 ಈ ಕೆಲಸಕ್ಕೆ ಹೊಂದುವ ಸಣ್ಣ ಮಿಷನ್. 31.8 ಸಿಸಿ ಎಂಜಿನ್, ಹೆಚ್ಚುಕಡಿಮೆ 2 ಎಚ್‌ಪಿ ಶಕ್ತಿ, ಬಾರ್ (ಚೈನ್ ಸುತ್ತಿ ಓಡುವ ಉದ್ದ ಲೋಹದ ಪಟ್ಟಿ) ಮತ್ತು ಚೈನ್ ಬಿಟ್ಟು ಸುಮಾರು 4 ಕಿಲೋ ತೂಕ. ಬಿದ್ದ ಕೊಂಬೆ ತುಂಡು ಮಾಡಲು, ಸೌದೆ ಕೊಯ್ಯಲು, ಒಂದಡಿ ದಪ್ಪದ ಸಿಲ್ವರ್ ಓಕ್ ಉರುಳಿಸಲು ಇದು ಧಾರಾಳ ಸಾಕು. ಆದರೆ ಮರ ಹತ್ತಿ ಗಸಿ ಮಾಡುವವರ ಕೈಗೆ ಇದನ್ನು ಕೊಡಬಾರದು. ತೋಟದ ಮಾಲೀಕರು, ಕೆಲಸದ ಉಸ್ತುವಾರಿ ನೋಡುವ ರೈಟರುಗಳು ಇದೊಂದನ್ನು ಮೊದಲು ತಿಳಿದುಕೊಳ್ಳಬೇಕು.

ಕಾರಣ ಮಿಷನ್ನಿನ ಆಕಾರದಲ್ಲೇ ಇದೆ. ಇದರ ಹಿಡಿಕೆ ಹಿಂದಿದೆ, ಅಂದರೆ ಎರಡೂ ಕೈಯಲ್ಲಿ ಹಿಡಿದು, ಎರಡೂ ಕಾಲು ಊರಿ ಕೊಯ್ಯಲು ಮಾಡಿದ್ದು. ಪೆಟ್ರೋಲ್, ಆಯಿಲ್, ಬಾರ್ ಎಲ್ಲ ಸೇರಿ 5 ಕಿಲೋ ಹತ್ತಿರ ಬರುವ ಮಿಷನ್ನನ್ನು ಮರದ ಮೇಲೆ ಒಂದು ಕೈಯಲ್ಲಿ ಚಾಚಿ ಹಿಡಿದರೆ ಮೂತಿ ಕೆಳಗೆ ಬಾಗುತ್ತದೆ. ಬಾರ್ ತುದಿಯ ಮೇಲ್ಭಾಗ ಪಕ್ಕದ ರೆಂಬೆಗೆ ಒಮ್ಮೆ ತಾಗಿದರೆ ಸಾಕು, ಮಿಷನ್ ಮುಖದತ್ತ ಎಗರುತ್ತದೆ. ಎಡಗೈ ಮುಂದಿನ ಹಿಡಿಕೆಯಲ್ಲಿ, ಹೆಬ್ಬೆರಳು ಹಿಡಿಕೆಯ ಅಡಿಗೆ ಸುತ್ತಿಕೊಂಡಿದ್ದರೆ ಎಗರುವ ಮಿಷನ್ನಿನ ಮುಂದಿನ ಗಾರ್ಡ್ ಮಣಿಕಟ್ಟಿಗೆ ತಾಗಿ, ಚೈನ್ ನಿಲ್ಲಿಸುವ ಚೈನ್ ಬ್ರೇಕ್ ಬೀಳುತ್ತದೆ. ಎಡಗೈ ಕೊಂಬೆ ಹಿಡಿದಿದ್ದರೆ ಆ ರಕ್ಷಣೆಯೇ ಅರ್ಧ ಹೋದಂತೆ. ಮೇಲೆ ಹತ್ತುವವರಿಗೆ 30-33 ಸೆಂಟಿಮೀಟರ್ ಅಲಗಿನ, ಎಳೆದಾಗ ಕೊಯ್ಯುವ ಬಾಗಿದ ಕೈಗರಗಸ ಒರೆಯಲ್ಲಿ ಸಿಕ್ಕಿಸಿ ಕೊಡಿ. ಕೈ ದಪ್ಪದ ರೆಂಬೆಗೆ ಅದು ಎಷ್ಟೋ ಹಗುರ. ಮಿಷನ್ನೇ ಬೇಕೆಂದರೆ ಹಿಡಿಕೆ ಮೇಲಿರುವ, ಮರದ ಕೆಲಸಕ್ಕೆಂದೇ ಮಾಡಿದ ಮಾಡೆಲ್‌ಗಳಿವೆ. ಅವೂ ಸೊಂಟದ ಬೆಲ್ಟು, ಎರಡು ಕಡೆ ಹಗ್ಗದ ಆಧಾರ ಇದ್ದವರಿಗೆ ಮಾತ್ರ. ಏಣಿ ಬಿದಿರಿನದೇ ಇರಲಿ. ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿ ನಮ್ಮ ತೋಟಗಳಲ್ಲಿ ಹೋದ ಜೀವಗಳು ಈಗಾಗಲೇ ಸಾಕಷ್ಟು.

ಕೈಗರಗಸವಾಗಲಿ ಮಿಷನ್ನಾಗಲಿ, ಕೊಂಬೆ ಕೊಯ್ಯುವ ಕ್ರಮ ಒಂದೇ. ಬೊಡ್ಡೆಯಿಂದ ಒಂದಡಿ ಆಚೆ, ಮೊದಲು ಕೊಂಬೆಯ ಅಡಿಯಿಂದ ಕಾಲು ಭಾಗ ಕೊಯ್ಯಬೇಕು. ಆಮೇಲೆ ಅದಕ್ಕಿಂತ ಎರಡು ಬೆರಳು ಹೊರಗೆ, ಮೇಲಿನಿಂದ. ಕೊಂಬೆ ಬಿದ್ದ ಮೇಲೆ ಉಳಿದ ಮೋಟನ್ನು, ಬುಡದಲ್ಲಿ ಉಬ್ಬಿದ ಕುತ್ತಿಗೆಯ ಹೊರಗೆ ಸರಿಯಾಗಿ ಕೊಯ್ದು ತೆಗೆಯಬೇಕು. ಆ ಉಬ್ಬನ್ನು ಉಳಿಸಿದರೆ ಗಾಯ ತಾನೇ ಮುಚ್ಚಿಕೊಳ್ಳುತ್ತದೆ. ಅದನ್ನೂ ಸೇರಿಸಿ ಬೊಡ್ಡೆಗೆ ಸಮವಾಗಿ ಕೆತ್ತಿದರೆ ನೀರು ಇಳಿದು ಮರ ಒಳಗಿಂದ ಕೊಳೆಯುತ್ತದೆ. ಅಡಿಯ ಕೊಯ್ತ ಬಿಟ್ಟರೆ ಕೊಂಬೆ ತನ್ನ ಭಾರಕ್ಕೆ ಮುರಿದು ಕೆಳಗಿನ ತೊಗಟೆಯನ್ನು ಮಾರುದ್ದ ಸಿಗಿದುಕೊಂಡು ಬರುತ್ತದೆ. ಮೆಣಸಿನ ಬಳ್ಳಿ ಹಬ್ಬಿದ ಮರವಾದರೆ ಬಳ್ಳಿಯೂ ಅದರ ಜೊತೆಗೆ! ದಪ್ಪ ಕೊಂಬೆಗೆ ಹಗ್ಗ ಕಟ್ಟಿ, ಆ ಹಗ್ಗವನ್ನು ಮೇಲಿನ ಕವೆಯ ಮೇಲೆ ಹಾಯಿಸಿ, ಕೆಳಗೆ ಒಬ್ಬರು ಬೊಡ್ಡೆಗೆ ಎರಡು ಸುತ್ತು ಹಾಕಿ ನಿಧಾನವಾಗಿ ಬಿಟ್ಟರೆ ಅಡಿಯ ಕಾಫಿ ಗಿಡವೂ ಉಳಿಯುತ್ತದೆ.

ಈಗ ಮಿಷನ್ನಿಗೆ ಬರೋಣ. ಇದಕ್ಕೆ 14 ಇಂಚಿನ ಬಾರ್ ಸರಿ. 16 ಇಂಚೂ ಕೂರುತ್ತದೆ, ಆದರೆ ಗಟ್ಟಿ ಮರದಲ್ಲಿ ಎಂಜಿನ್ ತಿಣುಕುತ್ತದೆ. ಚೈನ್ ಕೊಳ್ಳುವಾಗ ‘14 ಇಂಚಿನದು ಕೊಡಿ’ ಎಂದರೆ ಸಾಲದು. ಪಿಚ್ (ಕೊಂಡಿಗಳ ನಡುವಿನ ಅಂತರ), ಗೇಜ್ (ಬಾರಿನ ಅಂಚಿನ ತೋಡಿನಲ್ಲಿ ಓಡುವ ಕೊಂಡಿಯ ದಪ್ಪ), ಕೊಂಡಿಗಳ ಲೆಕ್ಕ ಮೂರೂ ಹೇಳಬೇಕು. ಪಿಚ್ ಎಂಟನೇ ಮೂರು (3/8) ಇಂಚಿನ ಸಣ್ಣ ಜಾತಿಯದು. 14 ಇಂಚಿಗೆ ತೋಡಿನೊಳಗೆ ಓಡುವ ಕೊಂಡಿ 50, 16 ಇಂಚಿಗೆ 55. ಗೇಜ್ 1.1 ಅಥವಾ 1.3 ಮಿಲಿಮೀಟರ್ ಇರಬಹುದು, ಬಾರ್ ಮೇಲೆಯೇ ಅಚ್ಚಾಗಿರುತ್ತದೆ. 1.3ರ ಬಾರಿಗೆ 1.1ರ ಚೈನ್ ಹಾಕಿದರೆ ತೋಡಿನಲ್ಲಿ ಅತ್ತಿತ್ತ ವಾಲಿ ಕೊಯ್ತವೇ ಸೊಟ್ಟಗಾಗುತ್ತದೆ.

‘ಮಿಷನ್ ಪವರ್ ಇಲ್ಲ’ ಎಂಬ ದೂರುಗಳಲ್ಲಿ ಹೆಚ್ಚಿನವು ಹಲ್ಲು ಮೊಂಡಾದ ದೂರುಗಳೇ. ಬೀಳುವ ಪುಡಿಯನ್ನು ಅಂಗೈಯಲ್ಲಿ ಹಿಡಿದು ನೋಡಿ. ತೆಂಗಿನ ತುರಿಯ ಹಾಗೆ ಚಕ್ಕೆ ಚಕ್ಕೆಯಾಗಿದ್ದರೆ ಚೈನ್ ಹರಿತವಾಗಿದೆ. ರಾಗಿ ಹಿಟ್ಟಿನ ಹಾಗೆ ನುಣ್ಣಗಿದ್ದರೆ ಅಲ್ಲೇ ನಿಲ್ಲಿಸಿ ಅರ ತೆಗೆಯಬೇಕು. ಈ ಚೈನಿಗೆ 4 ಮಿಲಿಮೀಟರಿನ ಗುಂಡು ಅರ. ಹಲ್ಲಿನ ಒಳಗಿಂದ ಹೊರಕ್ಕೆ, 30 ಡಿಗ್ರಿ ಓರೆಯಲ್ಲಿ, ಮುಂದಕ್ಕೆ ಮಾತ್ರ ಉಜ್ಜಬೇಕು. ಹಿಂದೆ ಎಳೆಯುವಾಗ ಅರವನ್ನು ಎತ್ತಿಬಿಡಿ. ಅರದ ಐದನೇ ಒಂದು ಭಾಗ ಹಲ್ಲಿನ ತಲೆಗಿಂತ ಮೇಲಿರಲಿ. ಒಂದೊಂದು ಹಲ್ಲಿಗೆ ಎರಡು-ಮೂರು ಉಜ್ಜು ಸಾಕು, ಎಲ್ಲಕ್ಕೂ ಅಷ್ಟೇ ಲೆಕ್ಕ. ಎಡಸಾಲಿನ ಹಲ್ಲು ಉದ್ದ, ಬಲಸಾಲಿನದು ಗಿಡ್ಡ ಆದರೆ ಕೊಯ್ತ ಒಂದೇ ಕಡೆಗೆ ವಾಲುತ್ತ ಹೋಗಿ ಬಾರ್ ಸಿಕ್ಕಿಕೊಳ್ಳುತ್ತದೆ. ಒಂದು ಟ್ಯಾಂಕ್ ಪೆಟ್ರೋಲ್ ಮುಗಿದಾಗಲೆಲ್ಲ ಹೀಗೆ ಅರ ಹಾಕುವುದು ಒಳ್ಳೆಯ ಅಭ್ಯಾಸ.

ಹಲ್ಲಿನ ಮುಂದಿರುವ ಸಣ್ಣ ಗುಬುಟನ್ನು ಬಹಳ ಜನ ಮರೆಯುತ್ತಾರೆ. ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕು ಎನ್ನುವುದನ್ನು ತೀರ್ಮಾನಿಸುವುದು ಅದು. ಹಲ್ಲಿನ ತಲೆಗಿಂತ 0.65 ಮಿಲಿಮೀಟರ್ ತಗ್ಗಿರಬೇಕು. ಹಲ್ಲು ಸವೆದಂತೆ ಈ ಅಂತರ ಕಡಿಮೆಯಾಗಿ, ಎಷ್ಟು ಹರಿತ ಮಾಡಿದರೂ ಚೈನ್ ಮರದ ಮೇಲೆ ಜಾರುತ್ತದೆ. ನಾಲ್ಕೈದು ಸಲ ಅರ ಹಾಕಿದ ಮೇಲೆ ಅಳತೆಪಟ್ಟಿ ಇಟ್ಟು ಚಪ್ಪಟೆ ಅರದಲ್ಲಿ ತಗ್ಗಿಸಿ. ಬೇಗ ಕೊಯ್ಯಲಿ ಎಂದು ಹೆಚ್ಚು ತಗ್ಗಿಸುವುದು ಅಪಾಯ, ಮಿಷನ್ ಅದುರಿ ಎಗರತೊಡಗುತ್ತದೆ. ಅರ ಹಾಕಿದ ದಿನ ಬಾರನ್ನೂ ಮಗುಚಿ ಹಾಕಿ. ಹೊಸ ಚೈನ್ ಎರಡನ್ನು ಒಟ್ಟಿಗೆ ಕೊಂಡು ಬದಲಿಸಿ ಬದಲಿಸಿ ಬಳಸಿದರೆ ಸ್ಪ್ರಾಕೆಟ್ (ಚೈನನ್ನು ತಿರುಗಿಸುವ ಹಲ್ಲುಚಕ್ರ) ಸಮವಾಗಿ ಸವೆಯುತ್ತದೆ. ಎರಡೂ ಮುಗಿದಾಗ ಸ್ಪ್ರಾಕೆಟ್ ಬದಲಿಸಿ.

ಚೈನಿಗೆ ಹೋಗುವ ಆಯಿಲಿನ ಟ್ಯಾಂಕ್ 145 ಮಿಲಿ, ಪೆಟ್ರೋಲ್ ಟ್ಯಾಂಕ್ 250 ಮಿಲಿ. ಪೆಟ್ರೋಲ್ ಮುಗಿದರೂ ಆಯಿಲ್ ತುಂಬಿಯೇ ಇದ್ದರೆ ಚೈನಿಗೆ ಆಯಿಲ್ ಹೋಗುತ್ತಿಲ್ಲ ಎಂದರ್ಥ. ಬಾರ್ ತುದಿಯನ್ನು ಬಿಳಿ ಕಲ್ಲಿನ ಮೇಲೆ ಗೇಣಿನಷ್ಟು ಎತ್ತರ ಹಿಡಿದು ಅರ್ಧ ಆಕ್ಸಿಲರೇಟರ್ ಕೊಡಿ. ಕಲ್ಲಿನ ಮೇಲೆ ಆಯಿಲಿನ ಗೆರೆ ಮೂಡಬೇಕು. ಮೂಡದಿದ್ದರೆ ಬಾರಿನ ಬುಡದ ಸಣ್ಣ ತೂತು, ತೋಡು ಎರಡನ್ನೂ ತಂತಿಯಿಂದ ಕೆರೆದು ತೆಗೆಯಿರಿ. ಜೀಪಿನ ಹಳೆ ಎಂಜಿನ್ ಆಯಿಲ್ ಸುರಿಯುವ ರೂಢಿ ತೋಟಗಳಲ್ಲಿದೆ, ದಯವಿಟ್ಟು ಬಿಡಿ. ಅದರಲ್ಲಿರುವ ಲೋಹದ ಪುಡಿ ಪಂಪನ್ನು ತಿನ್ನುತ್ತದೆ, ಅಂಟು ಇಲ್ಲದ ಆಯಿಲ್ ಬಾರ್ ತುದಿ ಮುಟ್ಟುವ ಮೊದಲೇ ಸಿಡಿದುಹೋಗುತ್ತದೆ, ಕೆಲಸಗಾರರ ಚರ್ಮಕ್ಕೂ ಕೆಟ್ಟದ್ದು.

ಪೆಟ್ರೋಲ್ ವಿಷಯದಲ್ಲಿ ಅಂದಾಜು ಬೇಡ. ಕಂಪನಿಯ ಟೂ-ಸ್ಟ್ರೋಕ್ ಆಯಿಲ್ ಆದರೆ ಲೀಟರಿಗೆ 20 ಮಿಲಿ. ಬೇರೆಯದಾದರೆ, ಅದೂ ಗಾಳಿಯಿಂದ ತಣಿಯುವ ಎಂಜಿನ್ನಿನದೇ ಆಗಿರಬೇಕು, 40 ಮಿಲಿ. ಕ್ಯಾನಿನಲ್ಲಿ ಬೆರೆಸಿ ಚೆನ್ನಾಗಿ ಕುಲುಕಿ, ಟ್ಯಾಂಕಿನಲ್ಲೇ ಬೆರೆಸಬೇಡಿ. ಆಯಿಲ್ ಕಡಿಮೆಯಾದರೆ ಪಿಸ್ಟನ್ ಗೀರು ಬಿದ್ದು ಸೀಜ್ ಆಗುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಇದೆ. ಅದು ನೀರಿನ ಪಸೆ ಹೀರುತ್ತದೆ, ಕಾರ್ಬೊರೇಟರಿನ ರಬ್ಬರ್ ಪೊರೆಯನ್ನು ಬಿರುಸು ಮಾಡುತ್ತದೆ. ಬೆರೆಸಿದ್ದನ್ನು ತಿಂಗಳಿಗಿಂತ ಹೆಚ್ಚು ಇಡಬೇಡಿ.

ಸ್ಟಾರ್ಟ್ ಮಾಡುವಾಗ ಮಿಷನ್ ನೆಲದ ಮೇಲೆ, ಚೈನ್ ಬ್ರೇಕ್ ಹಾಕಿ, ಬಲಗಾಲು ಹಿಂದಿನ ಹಿಡಿಕೆಯೊಳಗೆ. ಚೋಕ್ ಸ್ಥಾನದಲ್ಲಿ ಎಳೆಯುವಾಗ ಮೊದಲ ‘ಡಬ್’ ಕೇಳಿದ ತಕ್ಷಣ ಲಿವರನ್ನು ಒಂದು ಮೆಟ್ಟಿಲು ಮೇಲಕ್ಕೆ ಹಾಕಬೇಕು. ಹಾಗೇ ಎಳೆಯುತ್ತಲೇ ಇದ್ದರೆ ಪ್ಲಗ್ ಒದ್ದೆಯಾಗಿ ಮಿಷನ್ ಹಟ ಹಿಡಿಯುತ್ತದೆ. ಆಗ ಪ್ಲಗ್ ಬಿಚ್ಚಿ ಒರೆಸಿ, ಸ್ವಿಚ್ ಆಫ್ ಇಟ್ಟು ಏಳೆಂಟು ಸಲ ಖಾಲಿ ಎಳೆದು ಮತ್ತೆ ಹಾಕಿ. ಪ್ಲಗ್ ಅಂತರ 0.5 ಮಿಲಿಮೀಟರ್.

ಮರದ ಜಾತಿ ನೋಡಿಯೂ ಆರೈಕೆ ಬೇರೆ. ಹಾಲುವಾಣ ಮೆತ್ತಗೆ, ಒದ್ದೆ, ನಾರು. ಸ್ಪ್ರಾಕೆಟ್ ಕವರಿನೊಳಗೆ ಮುದ್ದೆಯಾಗಿ ಕೂತು ಆಯಿಲ್ ದಾರಿ ಮುಚ್ಚುತ್ತದೆ. ಹಲಸಿನ ಅಂಟು ಬಾರಿನ ತೋಡಿನಲ್ಲಿ ಗಟ್ಟಿಯಾದರೆ ಸೀಮೆಎಣ್ಣೆ ಹಾಕಿ ಉಜ್ಜಬೇಕು. ಬೇಲಿ ಸಾಲಿನ ಮರದಲ್ಲಿ ಹುದುಗಿದ ಹಳೆ ತಂತಿಗೆ ಚೈನ್ ತಾಗಿದರೆ ಅರ್ಧ ದಿನದ ಕೆಲಸ ಹೋಯಿತು. ಎದೆಮಟ್ಟದ ಕೆಳಗೆ ಕೊಯ್ಯುವ ಮುನ್ನ ತೊಗಟೆಯ ಮಡಿಕೆಗಳನ್ನು ಕೈಯಾಡಿಸಿ ನೋಡಿ.

ಕೊರತೆ ಎರಡಿವೆ. ಆಯಿಲ್ ಪಂಪನ್ನು ಹೆಚ್ಚುಕಡಿಮೆ ಮಾಡುವ ಸೌಲಭ್ಯವಿಲ್ಲ, ಹಾಗಾಗಿ ಉದ್ದ ಬಾರಿಗೆ ಆಯಿಲ್ ಸಾಲದು ಎನಿಸುತ್ತದೆ. ಬಾರ್ ನಿಲ್ಲುವುದು ಒಂದೇ ನಟ್ಟಿನ ಮೇಲೆ. ಅದನ್ನು ಬಿಗಿ ಮಾಡುವಾಗ ಬಾರ್ ತುದಿಯನ್ನು ಮೇಲಕ್ಕೆತ್ತಿ ಹಿಡಿಯದಿದ್ದರೆ ಎರಡು ಕೊಯ್ತಕ್ಕೇ ಚೈನ್ ಸಡಿಲ. ಸಂಜೆ ಕೆಲಸ ಮುಗಿದ ಮೇಲೆ ಚೈನನ್ನು ಸ್ವಲ್ಪ ಸಡಿಲಿಸಿ ಇಡಿ, ಬಿಸಿಯಲ್ಲಿ ಹಿಗ್ಗಿದ್ದು ತಣಿದಾಗ ಕುಗ್ಗಿ ಬೇರಿಂಗ್ ಎಳೆಯುತ್ತದೆ. ಸದ್ದು ಕಿವಿಯ ಹತ್ತಿರ ಸುಮಾರು 100 ಡೆಸಿಬಲ್, ಇಯರ್ ಮಫ್ ಮತ್ತು ಕನ್ನಡಕದ ದುಡ್ಡನ್ನು ಮಿಷನ್ನಿನ ಬೆಲೆಯಲ್ಲೇ ಸೇರಿಸಿಕೊಳ್ಳಿ.

ಮಳೆ ಹಿಡಿದ ಮೇಲೆ ತಿಂಗಳುಗಟ್ಟಲೆ ಮೂಲೆಗಿಡುವ ಮುನ್ನ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವ ತನಕ ಓಡಿಸಿ. ಏರ್ ಫಿಲ್ಟರ್ ತೊಳೆದು ಒಣಗಿಸಿ, ಚೈನ್ ಮತ್ತು ಬಾರಿಗೆ ಆಯಿಲ್ ಸವರಿ, ಅಟ್ಟದ ಮೇಲೆ ಒಲೆಯ ಬೆಚ್ಚಗೆ ತಾಗುವ ಕಡೆಯಲ್ಲ, ಒಣ ಗೋಡೆಗೆ ನೇತುಹಾಕಿ.