ಕೆರೆಯಂಗಳದ ಅಣಬೆಯನ್ನು ಸಾರಿಗೆ ಹಾಕಬೇಡಿ

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ನಾಲ್ವರೂ ಒಂದೇ ರಾತ್ರಿ ಆಸ್ಪತ್ರೆ ಸೇರಬೇಕಾಯಿತು. ನಾನೇ ಕಿತ್ತು ತಂದು, ನಾನೇ ತೊಳೆದು, ನಾನೇ ಬೇಯಿಸಿದ ಅಣಬೆ ಸಾರು ಅದಕ್ಕೆ ಕಾರಣ. ಅಣಬೆಯ ಗುರುತೇ ತಿಳಿಯದವರು ಹೇಗೂ ಅದನ್ನು ಮುಟ್ಟುವುದಿಲ್ಲ. ಮಲೆನಾಡಿನಲ್ಲಿ ಹುಟ್ಟಿ ಬೆಳೆದು, ಅಣಬೆ ತಮಗೆ ಚೆನ್ನಾಗಿ ಗೊತ್ತು ಎಂಬ ನಂಬಿಕೆಯನ್ನು ನನ್ನಂತೆ ಪೇಟೆಗೂ ಹೊತ್ತು ತಂದವರು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ತೀರ್ಥಹಳ್ಳಿ ಕಡೆಯ ನಮ್ಮೂರಿನಲ್ಲಿ ಆರಿದ್ರಾ ಮಳೆ ಹಿಡಿದು, ನಡುವೆ ಒಂದೆರಡು ದಿನ ಗುಡುಗು ಮಿಂಚು ಕಂಡರೆ ಹುತ್ತದ ಅಣಬೆ ಏಳುತ್ತಿತ್ತು. ಅಜ್ಜಿ ಪ್ರತಿ ವರ್ಷವೂ ಅದೇ ನಾಲ್ಕಾರು ಜಾಗಗಳಿಗೆ ಹೋಗುತ್ತಿದ್ದರೇ ಹೊರತು ಹೊಸ ಜಾಗವನ್ನು ಹುಡುಕುತ್ತಿರಲಿಲ್ಲ. ಅಣಬೆಯನ್ನು ಸೆಳೆದು ಕೀಳದೆ, ಕೋಲಿನಿಂದ ಕಾಂಡದ ಸುತ್ತಲಿನ ಮಣ್ಣನ್ನು ಬಿಡಿಸಿ, ನೆಲದೊಳಕ್ಕೆ ಉದ್ದವಾಗಿ ಇಳಿದ ಬೇರಿನಂಥ ಬಾಲವನ್ನು ನಮಗೆ ತೋರಿಸುತ್ತಿದ್ದರು. ಗೆದ್ದಲುಗಳು ಹುತ್ತದೊಳಗೆ ಸಾಕುವ ಶಿಲೀಂಧ್ರದಿಂದಲೇ ಈ ಅಣಬೆ ಮೇಲೇಳುತ್ತದೆ. ಆ ಬಾಲ ಹೋಗಿ ಮುಟ್ಟುವುದು ಗೆದ್ದಲಿನ ಗೂಡನ್ನು. ಅಡಿಕೆಗೆ ಕೊಳೆ ಔಷಧಿ ಹೊಡೆದ ಮೇಲೆ, ಮೈಲುತುತ್ತ ಸುಣ್ಣದ ನೀಲಿ ಹನಿ ಬಿದ್ದ ತೋಟದೊಳಗಿನ ಅಣಬೆಯನ್ನು ಅಜ್ಜಿ ಎಂದೂ ಒಲೆಯ ಬಳಿ ತಂದವರಲ್ಲ. ಅದು ಅತಿ ಮಡಿವಂತಿಕೆ ಎಂದು ಆಗ ನನಗೆ ಅನ್ನಿಸುತ್ತಿತ್ತು.

ಬೆಂಗಳೂರಿನ ನಮ್ಮ ಬಡಾವಣೆಯ ಪಕ್ಕದಲ್ಲಿ ಒಂದು ಕೆರೆಯಿದೆ. ಅದರ ಹೂಳನ್ನು ಎತ್ತಿ ಸುರಿದ ಬಯಲಿನಲ್ಲಿ, ಒಡೆದ ಇಟ್ಟಿಗೆ ಕಾಂಕ್ರೀಟ್ ಚೂರುಗಳ ನಡುವೆ ಬೆಳೆದ ಹುಲ್ಲಿನಲ್ಲಿ, ಎರಡು ದಿನದ ಮಳೆಯ ಮರುಬೆಳಗ್ಗೆ ಹದಿನೈದಿಪ್ಪತ್ತು ಬಿಳಿ ಅಣಬೆಗಳು ಎದ್ದಿದ್ದವು. ಅಂಗೈಗಿಂತ ಅಗಲವಾದ ಕೊಡೆ, ಅದರ ಮೇಲೆ ಕಂದು ಬಣ್ಣದ ಹೊಪ್ಪಳೆಗಳು, ಕಾಂಡದ ಸುತ್ತ ಉಂಗುರದಂಥ ಒಂದು ಪಟ್ಟಿ. ಬೆರಳಿನಿಂದ ಮುಟ್ಟುತ್ತಲೇ ಅಣಬೆ ಬುಡಸಮೇತ ಕೈಗೆ ಬಂತು. ಬುಡ ಗಡ್ಡೆಯ ಹಾಗೆ ದುಂಡಗಿತ್ತು, ಬಾಲವಿರಲಿಲ್ಲ. ಇದು ನನ್ನ ಕಣ್ಣಿಗೆ ಬಿದ್ದಿತ್ತು. ಪೇಟೆಯ ಮಣ್ಣು ಸಡಿಲ, ಬಾಲ ಒಳಗೇ ತುಂಡಾಗಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮನೆಯಲ್ಲಿ ಅರಿಶಿನದ ನೀರಿನಲ್ಲಿ ತೊಳೆದೆ, ಬೇಯುವಾಗ ಬೆಳ್ಳುಳ್ಳಿಯ ಎಸಳನ್ನು ಹಾಕಿ ಬಣ್ಣ ತಿರುಗುತ್ತದೆಯೇ ಎಂದು ನೋಡಿದೆ. ಬಣ್ಣ ತಿರುಗಲಿಲ್ಲ. ಈ ಯಾವ ಪರೀಕ್ಷೆಯೂ ಅಣಬೆಯ ವಿಷವನ್ನು ಹಿಡಿದುಕೊಡುವುದಿಲ್ಲ. ವಿಷವಿದ್ದರೆ ಬೆಳ್ಳಿಯ ಚಮಚ ಕಪ್ಪಾಗುತ್ತದೆಂಬ ಮಾತೂ ಅಷ್ಟೇ, ಹುಳ ತಿಂದಿದ್ದರೆ ಮನುಷ್ಯರೂ ತಿನ್ನಬಹುದೆಂಬ ಮಾತೂ ಅಷ್ಟೇ.

ರಾತ್ರಿ ಎಂಟೂವರೆಗೆ ಅಕ್ಕಿ ರೊಟ್ಟಿಯ ಜೊತೆ ಸಾರು ಉಂಡೆವು. ಹತ್ತು ಗಂಟೆಯ ಹೊತ್ತಿಗೆ ಮಗ ವಾಂತಿ ಮಾಡಿಕೊಂಡ, ಹಿಂದೆಯೇ ಅತ್ತೆ, ನಂತರ ನಾವಿಬ್ಬರು. ಹೊಟ್ಟೆ ಹಿಂಡುವ ನೋವು, ನಿಲ್ಲದ ಭೇದಿ. ಎಪ್ಪತ್ತು ದಾಟಿದ ಅತ್ತೆಯ ಬಾಯಿ ಒಣಗಿ, ಕರೆದರೂ ಉತ್ತರ ಬರದಂತಾದಾಗ ನನ್ನ ಕೈಕಾಲು ಆಡಲಿಲ್ಲ. ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳಿದ ಪ್ರಶ್ನೆ, ಉಂಡ ಎಷ್ಟು ಹೊತ್ತಿಗೆ ವಾಂತಿ ಶುರುವಾಯಿತು ಎಂಬುದು. ಒಂದೂವರೆ ಗಂಟೆ ಎಂದಾಗ ಅವರ ಮುಖ ಸ್ವಲ್ಪ ಸಡಿಲವಾಯಿತು. ಎರಡು ದಿನ ಗ್ಲೂಕೋಸ್ ಹನಿ ಹಾಕಿಸಿಕೊಂಡು ನಾವು ಮೂವರು ಮನೆಗೆ ಬಂದೆವು. ಅತ್ತೆಗೆ ಐದು ದಿನ ಬೇಕಾಯಿತು.

ಮನೆಗೆ ಬಂದವಳು ಅದೇ ಬಯಲಿನಿಂದ ಇನ್ನೊಂದು ಅಣಬೆಯನ್ನು ತಂದು, ಕೊಡೆಯನ್ನು ಬಿಳಿ ಹಾಳೆಯ ಮೇಲೆ ಕವುಚಿ, ಮೇಲೆ ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಹಾಳೆಯ ಮೇಲೆ ಬೀಜಕಗಳು ಉದುರಿ, ಮಾಸಲು ಹಸಿರಿನ ಗೆರೆಗಳು ಚಕ್ರದ ಕಡ್ಡಿಗಳಂತೆ ಮೂಡಿದ್ದವು. ಹುತ್ತದ ಅಣಬೆಯ ಅಚ್ಚು ತಿಳಿಗುಲಾಬಿ ಬಣ್ಣಕ್ಕಿರುತ್ತದೆ. ಹಸಿರು ಅಚ್ಚು ಬಿಡುವ ಈ ಜಾತಿಯ ಹೆಸರು ಕ್ಲೋರೋಫಿಲಮ್ ಮಾಲಿಬ್ಡೈಟಿಸ್. ಬೆಚ್ಚಗಿನ ನಾಡುಗಳ ಉದ್ಯಾನ ಮತ್ತು ಹುಲ್ಲುಹಾಸುಗಳಲ್ಲಿ ಇದು ತೀರಾ ಸಾಮಾನ್ಯ. ಎಳೆಯದಾಗಿದ್ದಾಗ ಕೊಡೆಯಡಿಯ ಪದರಗಳು ಬೆಳ್ಳಗೇ ಇರುವುದರಿಂದ, ನಾನು ಕಿತ್ತ ದಿನ ಹಸಿರಿನ ಸುಳಿವೇ ಇರಲಿಲ್ಲ.

ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ನೆರೆಮನೆಯ ಹಿರಿಯರು ಆ ಹಾಳೆಯನ್ನು ನೋಡಿ ಕೇಳಿದ ಮಾತು ನನ್ನನ್ನು ಹೆಚ್ಚು ಚುಚ್ಚಿತು. “ಅದು ತಿನ್ನುವ ಜಾತಿಯೇ ಆಗಿತ್ತು ಅಂತಿಟ್ಟುಕೊಳ್ಳಮ್ಮ, ಆ ಹೂಳಿನ ಮೇಲಿಂದ ಯಾಕೆ ತಂದೆ?” ನಾವು ಕೀಳುವ ಅಣಬೆ ಬರಿಯ ಹಣ್ಣಿದ್ದಂತೆ, ಅದರ ನಿಜವಾದ ಒಡಲು ನೆಲದೊಳಗೆ ಹಬ್ಬಿರುವ ಕೂದಲಿಗಿಂತ ತೆಳುವಾದ ಎಳೆಗಳ ಜಾಲ. ಆ ಎಳೆಗಳು ಆಹಾರವನ್ನು ಮಣ್ಣಿನಲ್ಲೇ ಕರಗಿಸಿ ಹೀರಿಕೊಳ್ಳುವಾಗ ಅಲ್ಲಿರುವ ಸೀಸ, ಕ್ಯಾಡ್ಮಿಯಂ, ಪಾದರಸಗಳೂ ಜೊತೆಗೆ ಬರುತ್ತವೆ. ಕೆಲವು ಜಾತಿಗಳಲ್ಲಂತೂ ಮಣ್ಣಿನಲ್ಲಿರುವುದಕ್ಕಿಂತ ಹೆಚ್ಚು ಪ್ರಮಾಣದಲ್ಲಿ ಲೋಹ ಕೂಡಿಕೊಳ್ಳುತ್ತದೆ. ಕಾರ್ಖಾನೆಯ ನೀರು, ಚರಂಡಿ, ವಾಹನಗಳ ಹೊಗೆ ಎಲ್ಲವನ್ನೂ ಕುಡಿದ ಹೂಳಿನ ಮೇಲೆ ಎದ್ದ ಅಣಬೆಯಲ್ಲಿ ಏನೇನು ಸೇರಿರಬಹುದು ಎಂಬುದನ್ನು ನಾಲಿಗೆ ಹೇಳಲಾರದು. ಬೇಯಿಸಿದರೆ ಸೀಸವಾಗಲಿ ಕ್ಯಾಡ್ಮಿಯಂ ಆಗಲಿ ನಾಶವಾಗುವುದೂ ಇಲ್ಲ, ತಿಂದ ದಿನವೇ ವಾಂತಿಯಾಗಿ ನಮ್ಮನ್ನು ಎಚ್ಚರಿಸುವುದೂ ಇಲ್ಲ.

ಜರ್ಮನಿಯ ಮ್ಯೂನಿಕ್‌ನಲ್ಲಿರುವ ತಮ್ಮನಿಗೆ ಇದನ್ನು ಹೇಳಿದಾಗ ಅವನು ಅಲ್ಲಿಯ ಕಾಡಿನ ಕಥೆಯನ್ನು ಹೇಳಿದ. 1986ರ ಏಪ್ರಿಲ್ 26ರಂದು ಉಕ್ರೇನಿನ ಚೆರ್ನೋಬಿಲ್‌ನಲ್ಲಿ ಅಣುಸ್ಥಾವರ ಸ್ಫೋಟಿಸಿದ ಮೇಲೆ ಮಳೆಯೊಡನೆ ಬವೇರಿಯಾದ ಕಾಡುಗಳಿಗೆ ಇಳಿದ, ವಿಕಿರಣ ಸೂಸುವ ಸೀಸಿಯಂ-137, ಅಷ್ಟು ದೂರದ ನೆಲದ ಅಣಬೆಗಳಲ್ಲಿ ಇಂದಿಗೂ ಸಿಗುತ್ತದೆ. ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು 30 ವರ್ಷ ಬೇಕು. ವಿಕಿರಣವನ್ನು ಅಳೆಯುವ ಮಾನದಲ್ಲಿ ಕಿಲೋಗೆ 600 ಬೆಕರೆಲ್ ದಾಟಿದ ಕಾಡಣಬೆಯನ್ನು ಅಲ್ಲಿ ಮಾರುವಂತಿಲ್ಲ. ನೆಲದಡಿಯ ಅಣಬೆಗಳನ್ನು ಅಗೆದು ತಿನ್ನುವ ಕಾಡುಹಂದಿಯ ಮಾಂಸವನ್ನೂ ಅಳೆದು ನೋಡುತ್ತಾರೆ. ನೆಲ ಎಷ್ಟು ಕೆಟ್ಟಿದೆ ಎಂದು ತಿಳಿಯಲು ವಿಜ್ಞಾನಿಗಳು ಅಣಬೆಯನ್ನೇ ಪರೀಕ್ಷೆಗೆ ಒಯ್ಯುತ್ತಾರೆಂದು ಕೇಳಿದಾಗ, ತೋಟದ ಅಣಬೆಯನ್ನು ಮುಟ್ಟದ ಅಜ್ಜಿಯ ನೆನಪಾಯಿತು.

ಆದ್ದರಿಂದ ಕೆರೆಯಂಗಳ, ಕಸ ಸುರಿದ ಜಾಗ, ಹೆದ್ದಾರಿಯ ಬದಿ, ಕೈಗಾರಿಕಾ ಪ್ರದೇಶ, ಔಷಧಿ ಹೊಡೆದ ತೋಟ, ಇಲ್ಲಿ ಎದ್ದ ಅಣಬೆಯನ್ನು ಜಾತಿ ಯಾವುದೆಂದು ನೋಡುವ ಮೊದಲೇ ಬಿಟ್ಟುಬಿಡಿ. ಶುದ್ಧ ನೆಲದಲ್ಲಿಯೂ, ಆ ಜಾಗವನ್ನೇ ವರ್ಷಗಳಿಂದ ಬಲ್ಲ ಹಿರಿಯರು ಜೊತೆಗಿಲ್ಲದೆ ಕೀಳಬೇಡಿ.

ಯಾರಾದರೂ ತಿಂದು ಅಸ್ವಸ್ಥರಾದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ, ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿಕೊಂಡು, ಉಂಡ ಸಮಯವನ್ನೂ ವಾಂತಿ ಶುರುವಾದ ಸಮಯವನ್ನೂ ಬರೆದುಕೊಂಡು ಆಸ್ಪತ್ರೆಗೆ ಹೋಗಿ. ವೈದ್ಯರು ಸಮಯವನ್ನು ಏಕೆ ಕೇಳಿದರೆಂದು ನನಗೆ ಆಮೇಲೆ ತಿಳಿಯಿತು. ಯಕೃತ್ತನ್ನು ಕೊಲ್ಲುವ ಅಮಾಟಾಕ್ಸಿನ್ ಇರುವ ಅಣಬೆಗಳು ಸಾಮಾನ್ಯವಾಗಿ ಆರು ಗಂಟೆ ಕಳೆದ ಮೇಲಷ್ಟೇ ಲಕ್ಷಣ ತೋರಿಸುತ್ತವೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು 13 ಮಂದಿ ತೀರಿಕೊಂಡರು; ಅವರಲ್ಲಿ ಹೆಚ್ಚಿನವರು ಚಹಾ ತೋಟದ ಕುಟುಂಬಗಳವರು. ಅಮಾಟಾಕ್ಸಿನ್ ವಿಷದಲ್ಲಿ ಮೊದಲ ವಾಂತಿ ಭೇದಿ ನಿಂತು, ರೋಗಿ ಎದ್ದು ಕುಳಿತು ಗಂಜಿ ಕೇಳುವ ಒಂದು ದಿನ ಬರುತ್ತದೆ. ಯಕೃತ್ತು ಹಾಳಾಗುತ್ತಿರುವುದು ಆ ದಿನವೇ. ಗುಣವಾಯಿತೆಂದು ಆಗ ಮನೆಗೆ ಕರೆತರಬೇಡಿ.